ಮಾವನವರ ಕೋಣೆಯಲ್ಲಿ ಇಂಗ್ಲಿಷ್

ಇವತ್ತು ಇಂಗ್ಲಿಷಿಗೆ ಮಣ್ಣು ಮುಕ್ಕಿಸಿಯೇ ಸಿದ್ಧ ಎಂದು ಹೆಂಡತಿಯ ಮುಂದೆ ಸಾರಿ ಅಳಿಯರಾಯ ಬಾಗಿಲು ಹಾಕಿಕೊಂಡ. ಬೆಳಗಾದರೆ ಸಂದರ್ಶನ. ಹೋಟೆಲಿನ ಉಗ್ರಾಣದಲ್ಲಿ ಸೋಪು, ಟವೆಲ್ ಎಣಿಸುತ್ತಲೇ ಅವನ ಅರ್ಧ ತಲೆ ಬೆಳ್ಳಗಾಗಿತ್ತು. ಈ ಸಲವೂ ಮುಂಬಾಗಿಲ ಕೌಂಟರಿನಲ್ಲಿ ಅತಿಥಿಗಳೊಡನೆ ಇಂಗ್ಲಿಷ್ ಆಡುವ ಕೆಲಸ ತಪ್ಪಿದರೆ ಉಳಿದರ್ಧವೂ ಅಲ್ಲೇ ಬೆಳ್ಳಗಾಗುವುದು ಖಂಡಿತ. ಓದಲು ಅವನು ಆರಿಸಿಕೊಂಡದ್ದು ತೀರಿಹೋದ ಮಾವನವರ ಕೋಣೆ. ಮಾವ ಇಂಗ್ಲಿಷ್ ಮೇಷ್ಟ್ರಾಗಿದ್ದವರು. ಅವರು ಹೋದ ಮೇಲೆ ಅಲ್ಲಿನ ಕುರ್ಚಿಯಲ್ಲಿ ಯಾರೂ ಕೂತಿರಲಿಲ್ಲ.

ಇಂಗ್ಲಿಷ್ ಕ್ರಿಯಾಪದದ ಬಾಲಕ್ಕೆ ಒಂದು 'ಅಪ್' ಅಥವಾ 'ಔಟ್' ಅಂಟಿತೆಂದರೆ ಅರ್ಥ ಊರು ಬಿಟ್ಟು ಹೋಗುತ್ತದಲ್ಲ! ಅದಕ್ಕೆ ಅವನೊಂದು ಉಪಾಯ ಹೂಡಿದ್ದ. ನೇರ ಅರ್ಥವನ್ನು ತನ್ನ ದನಿಯಲ್ಲಿ ಹೇಳಿ ಆಡಿ ತೋರಿಸುವುದು. ನಿಜವಾದ ಅರ್ಥವನ್ನು ಪರೀಕ್ಷಕನ ಗಡಸು ದನಿಯಲ್ಲಿ ಹೇಳುವುದು.

"ಗಿವ್ ಅಪ್. ಮೇಲಕ್ಕೆ ಕೊಡು," ಎಂದು ಎರಡೂ ಕೈಯೆತ್ತಿ ಗಾಳಿಗೆ ಕೊಟ್ಟ. "ಕೈಬಿಡು," ಎಂದಿತು ಗಡಸು ದನಿ. "ಲುಕ್ ಇಂಟು. ಒಳಗೆ ನೋಡು," ಎಂದು ಮಾವನವರ ಬೀರುವಿಗೆ ತಲೆ ತೂರಿಸಿದ. ಸೀಮೆಸುಣ್ಣದ ವಾಸನೆ. "ತನಿಖೆ ಮಾಡು," ಎಂದದ್ದು ಬೀರುವಿನ ಆಳದಿಂದಲೇ ಬಂದಂತಿತ್ತು. ಅವನಿಗೇ ಮೈ ಜುಮ್ಮೆಂದಿತು.

ಹೊರಗೆ ಅವನ ಅತ್ತೆ ತಮ್ಮ ಮಗಳ ತೋಳು ಹಿಡಿದುಕೊಂಡರು.

"ಒಳಗೆ ಯಾರಿದ್ದಾರೆ?"

"ಇವರೊಬ್ಬರೇ ಅಮ್ಮ."

"ಮತ್ತೆ ಆ ಇನ್ನೊಂದು ಗಂಟಲು?"

ಮಗಳು ಬಾಗಿಲಿಗೆ ಕಿವಿ ಹಚ್ಚಿದಳು.

ಒಳಗೆ 'ಪುಟ್ ಔಟ್' ಸರದಿ. ಅಂದರೆ ಹೊರಗಿಡು! ಉರಿಯುತ್ತಿದ್ದ ಮೇಜಿನ ದೀಪವನ್ನೇ ಎತ್ತಿ ಬಾಗಿಲಾಚೆ ಇಡಲು ಹೊರಟ. ವೈರು ಕಿತ್ತು ಬಂದು ಕೋಣೆ ಕತ್ತಲಾಯಿತು. 'ಆರಿಸು' ಎಂಬ ಇನ್ನೊಂದು ಅರ್ಥವೂ ಒಂದೇ ಏಟಿಗೆ ಕೈಗೂಡಿತಲ್ಲ ಎಂದು ಬೀಗುವಷ್ಟರಲ್ಲಿ ಹಿಂದೆ ಕುರ್ಚಿ ಕಿರ್ರೆಂದಿತು, ಯಾರೋ ನೆಮ್ಮದಿಯಾಗಿ ಒರಗಿದಂತೆ. ಅವನು ಕಲಿತದ್ದನ್ನೆಲ್ಲ ಅಲ್ಲೇ ಬಿಟ್ಟು, ದೀಪವನ್ನು ಎದೆಗವಚಿಕೊಂಡು ಹೊರಗೆ ಬಂದು ಬಿದ್ದ.

"ಹೆದರಬೇಡಿ ಅತ್ತೆ," ಎಂದ, ತಾನೇ ನಡುಗುತ್ತ. "ಎರಡೂ ದನಿ ನನ್ನದೇ."

"ನಿಮ್ಮ ಎರಡು ನನಗೆ ಗೊತ್ತಾಗಲ್ವಾ? ನಾನು ಹೇಳ್ತಿರೋದು ಮೂರನೇದು." ಅತ್ತೆಯ ಕಣ್ಣು ಕತ್ತಲ ಕೋಣೆಯ ಮೇಲೇ ಇತ್ತು.

ಅವನು ದೀಪವನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡ. "ಮಾವನವರಾ? ಏ... ಏನಂದ್ರು?"

"'ಇವರಿಗೆ ಈ ಜನ್ಮದಲ್ಲಿ ಇಂಗ್ಲಿಷ್ ಬರಲ್ಲ' ಅಂದ್ರು."

"ಇಂಗ್ಲಿಷಲ್ಲೇ ಅಂದ್ರಾ?"

"ಇಲ್ಲ, ನಮ್ಮ ಮಾತಲ್ಲೇ ಅಂದ್ರು," ಎಂದರು ಅತ್ತೆ. "ನಿಮಗೂ ಅರ್ಥ ಆಗಬೇಕಲ್ಲ."