ಡೆಮೋಕ್ಕೆ ಮನೆಮಂದಿಯೆಲ್ಲ ಬರಬೇಕು

ತಂತ್ರಜ್ಞಾನದ ಬಗ್ಗೆ ನನಗೆ ಅಭಿಪ್ರಾಯಗಳು ಜಾಸ್ತಿ. ಒಂದನ್ನು ಬಾಯಿಬಿಟ್ಟು ಹೇಳಿದರೆ ಸಾಕು, ವಾರದೊಳಗೆ ಊರಿನ ಯಾರಾದರೊಬ್ಬರು ಅದರ ಗಾಳಿ ತೆಗೆದಿರುತ್ತಾರೆ.

ನಾನು ಮಂಗಳೂರಿನ ಒಂದು ಕಂಪನಿಯ ಸಾಫ್ಟ್‌ವೇರ್ ಎಂಜಿನಿಯರ್. ಸಮಾರಂಭಗಳಿಗೆ ಮೊಬೈಲಿನಲ್ಲೇ ಆಮಂತ್ರಣ ಕಳುಹಿಸುವ ಸಾಫ್ಟ್‌ವೇರ್ ನಮ್ಮದು. ಹೆಂಡತಿ ಮಿಜಾರಿನಲ್ಲಿ ಅಧ್ಯಾಪಕಿ. ಹಾಗಾಗಿ ಮಿಜಾರಿನ ಬಸ್ಸು ಸಿಗುವ ಗುರುವಾಯನಕೆರೆಯ ಹತ್ತಿರ ಮನೆ ಕಟ್ಟಿ ಅಲ್ಲಿಂದಲೇ ಕೆಲಸ ಮಾಡುತ್ತೇನೆ. ಬಾಸ್ ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ನೆಟ್ ಕೈಕೊಡಬಾರದು. ಕೊಟ್ಟರೆ ದಿನಾ ಬಸ್ಸಿನಲ್ಲಿ ನೇತಾಡಿಕೊಂಡು ಮಂಗಳೂರು. ಕಟ್ಟಿದ ಮನೆಯಲ್ಲಿ ಮಲಗುವುದಕ್ಕೆ ಮಾತ್ರ ಇರುವ ಗತಿ ನನಗೆ ಬೇಡವಾಗಿತ್ತು.

ಕೆಂಪು ಗುಂಡಿ

ಬಂಟ್ವಾಳದ ಚಿಕ್ಕಮ್ಮನ ಮನೆಗೆ ಹೋದರೆ ಚಹಾಕ್ಕೆ ಮೊದಲು ಕೆಟ್ಟ ಸಾಮಾನು ಎದುರಿಗೆ ಬರುತ್ತದೆ. ಈ ಸಲ ಬಂದದ್ದು ಮಿಕ್ಸಿ.

"ಚಿಕ್ಕಮ್ಮಾ, ನಾನು ಕಂಪ್ಯೂಟರಿನವನು."

"ಅದಕ್ಕೂ ಕರೆಂಟೇ, ಇದಕ್ಕೂ ಕರೆಂಟೇ. ನೋಡು ಮಗಾ."

ಹದಿನೈದು ವರ್ಷ ಈ ಉದ್ಯೋಗದಲ್ಲಿ ನಾನು ಕಲಿತ ವಿದ್ಯೆ ಒಂದೇ: ಆಫ್ ಮಾಡಿ ಆನ್ ಮಾಡುವುದು. ಮಿಕ್ಸಿಯನ್ನು ಕವುಚಿ ಹಾಕಿ ಅಡಿಯಲ್ಲಿದ್ದ ಕೆಂಪು ಗುಂಡಿ ಒತ್ತಿದೆ. ಗರ್‌ ಎಂದಿತು. ನನ್ನ ಎದೆ ಉಬ್ಬಿತು.

ಚಿಕ್ಕಮ್ಮ ಅಂಗಳಕ್ಕೆ ಹೋಗಿ ಆಚೆಮನೆಯವರಿಗೆ ಕೂಗಿದರು. "ನಮ್ಮ ಹುಡುಗನಿಗೆ ಕೆಲಸ ಬರ್ತದೆ ಮಾರಾಯ್ರೆ! ಇಷ್ಟು ವರ್ಷ ಕಂಪ್ಯೂಟರ್ ಕುಟ್ಟಿಕೊಂಡು ಸುಮ್ಮನೆ ಹಾಳಾದ!"

ಬಂಧನದ ಕ್ರಮ

ಫೋನಿನಲ್ಲಿ ಪೊಲೀಸರೆಂದು ಹೆದರಿಸುವ ಕಳ್ಳರ ಬಗ್ಗೆ ನಾನು ಚಿಕ್ಕಮ್ಮನಿಗೆ ಅರ್ಧ ಗಂಟೆ ಪಾಠ ಮಾಡಿದ್ದೆ. ವಯಸ್ಸಾದವರು ಬೇಗ ಮೋಸಹೋಗುತ್ತಾರೆ ಎಂಬುದು ನನ್ನ ಅಭಿಪ್ರಾಯ. ಮರುವಾರವೇ ಅವರಿಗೆ ಅಂಥ ಫೋನು ಬಂತು, ಅದೂ ಕನ್ನಡದಲ್ಲಿ. ನಾನು ಅಲ್ಲೇ ಇದ್ದೆ. ಕಸಿದುಕೊಳ್ಳಲು ಹೋದರೆ ಚಿಕ್ಕಮ್ಮ ಕೈ ತಳ್ಳಿದರು.

"ನಿಮ್ಮನ್ನು ಅರೆಸ್ಟ್ ಮಾಡಿದ್ದೇವೆ" ಎಂದಿತು ಆ ಕಡೆಯ ದನಿ.

"ಫೋನಿನಲ್ಲಿಯಾ? ಅದು ಆಗುವುದಿಲ್ಲ ಮಗಾ. ನಮ್ಮಲ್ಲಿ ಮದುವೆಗೇ ಫೋನಿನಲ್ಲಿ ಹೇಳಿದರೆ ಯಾರೂ ಹೋಗುವುದಿಲ್ಲ, ಜೈಲಿಗೆ ಹೋಗುವುದುಂಟಾ? ಅರೆಸ್ಟ್ ಮಾಡುವುದಾದರೆ ಮನೆಗೆ ಬಂದು ಕ್ರಮದಲ್ಲಿ ಹೇಳು. ಬರುವಾಗ ಅಮ್ಮನನ್ನೂ ಕರ್ಕೊಂಡು ಬಾ. ನಿನ್ನದು ಯಾವ ಮನೆ?"

ಆತ ಯಾವ ಮನೆಯವನೆಂದು ಕೊನೆಗೂ ತಿಳಿಯಲಿಲ್ಲ. ಫೋನಿಟ್ಟಿದ್ದ.

ಮಾಷ್ಟ್ರ ತೆಂಗಿನಮರ

ಫೋನಿನಲ್ಲಿ ಕರೆದರೆ ಯಾರೂ ಹೋಗುವುದಿಲ್ಲ ಎಂಬ ಚಿಕ್ಕಮ್ಮನ ಮಾತು ನನಗೂ ಅನ್ವಯಿಸುತ್ತದೆಂದು ಆಗ ಹೊಳೆಯಲಿಲ್ಲ.

ನನ್ನ ಮನೆಗೆ ನೆಟ್ಟಿನ ಕೇಬಲ್ ಬರುವುದು ಪಕ್ಕದ ಮನೆಯ ನಿವೃತ್ತ ಹೆಡ್‌ಮಾಷ್ಟ್ರ ತೆಂಗಿನಮರಕ್ಕೆ ಕಟ್ಟಿಕೊಂಡು. ನನಗೆ ಮೀಟಿಂಗ್ ಇದ್ದ ದಿನವೇ ಅವರಲ್ಲಿ ಕಾಯಿ ಕೊಯ್ಲು. ಗರಿಸಮೇತ ಮಡಲು ಬಿದ್ದು ಕೇಬಲ್ ತುಂಡು. ಮೂರನೆಯ ಸಲ ಹೀಗಾದಾಗ ಬಾಸ್ ಹೇಳಿದರು, "ಗುರುವಾರ ಹನ್ನೊಂದಕ್ಕೆ ವಿದೇಶದ ಗ್ರಾಹಕರಿಗೆ ನಮ್ಮ ಸಾಫ್ಟ್‌ವೇರ್ ತೋರಿಸುವ ಡೆಮೋ. ಅವತ್ತು ನೆಟ್ ಹೋದರೆ ಶುಕ್ರವಾರದಿಂದ ನೀನು ಇಲ್ಲಿ."

ಓಡಿಹೋಗಿ ಬೇಲಿಯ ಈಚೆಯಿಂದ ಮಾಷ್ಟ್ರನ್ನು ಕೇಳಿಕೊಂಡೆ.

"ನಿಮ್ಮ ಮೀಟಿಂಗ್ ನನಗೆ ಹೇಗೆ ಗೊತ್ತಾಗಬೇಕು?" ಎಂದರು ಅವರು. "ಹೇಳಿಕೆ ಇಲ್ಲದ ವಿಷಯಕ್ಕೆ ನಾನು ತಲೆಹಾಕುವವನಲ್ಲ. ನಿಮ್ಮ ಗೃಹಪ್ರವೇಶಕ್ಕೂ ಮೊಬೈಲಿಗೆ ಏನೋ ಒಂದು ಚಿತ್ರ ಬಂದಿತ್ತು. ತಿರುಗ್ತಾ ಉಂಟು, ಇನ್ನೂ ತೆರೆಯಲಿಲ್ಲ."

ಹೇಳಿಕೆಯೆಂದರೆ ನಮ್ಮ ಕಡೆ ಮನೆಗೆ ಹೋಗಿ, ಕೂತು, ಬಾಯಾರೆ ಕರೆಯುವುದು. ನಾನು ಗೃಹಪ್ರವೇಶಕ್ಕೆ ನಮ್ಮದೇ ಸಾಫ್ಟ್‌ವೇರಿನ ಒಂದು ಗುಂಡಿ ಒತ್ತಿ ನಾನೂರು ಜನರನ್ನು ಕರೆದಿದ್ದೆ. ಮಾಡಿದ್ದುಣ್ಣೋ ಮಹಾರಾಯ! ನಾಚಿಕೆಯಾಯಿತು.

ಗುರುವಾರ

ಮರುದಿನ ಬೆಳಿಗ್ಗೆ ಗಂಡಹೆಂಡತಿ ಇಬ್ಬರೂ ಮಾಷ್ಟ್ರ ಮನೆಗೆ ಹೋದೆವು. ಬೆಲ್ಲ ನೀರು ಬಂತು. ಏನೆಂದು ಕರೆಯುವುದು? ಗೃಹಪ್ರವೇಶ ಮುಗಿದು ಎರಡು ವರ್ಷ. ಬಾಯಿಗೆ ರೂಢಿಯಾದ ಮಾತೇ ಹೊರಬಿತ್ತು:

"ಗುರುವಾರ ಹನ್ನೊಂದು ಗಂಟೆಗೆ ನಮ್ಮಲ್ಲಿ ಡೆಮೋ ಉಂಟು. ಮನೆಮಂದಿಯೆಲ್ಲ ಮುಂಚಿತವಾಗಿ ಬಂದು ಚಂದಗಾಣಿಸಿಕೊಡಬೇಕು."

ಮಾಷ್ಟ್ರು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡರು.

ಗುರುವಾರ ಹೆಂಡತಿ ಬಸ್ಸು ಹತ್ತಿ ಮಿಜಾರಿಗೆ ಹೋದಳು. ಹತ್ತೂವರೆಗೆ ಬಾಗಿಲು ಬಡಿಯಿತು. ಮಾಷ್ಟ್ರು, ಬಿಳಿ ಪಂಚೆ, ಹೆಗಲಿಗೆ ಶಾಲು. ಹಿಂದೆ ರೇಷ್ಮೆ ಸೀರೆಯಲ್ಲಿ ಅವರ ಹೆಂಡತಿ. ಅವರ ಹಿಂದೆ ಮಕ್ಕಳು, ಮೊಮ್ಮಕ್ಕಳು, ಒಟ್ಟು ಹನ್ನೊಂದು ಜನ. "ಕೊಯ್ಲು ಮುಂದಿನ ವಾರಕ್ಕೆ ಹಾಕಿದೆ. ಅಳಿಯನನ್ನು ಕೊಡೆ ಕೊಟ್ಟು ಮರದ ಬುಡದಲ್ಲಿ ನಿಲ್ಲಿಸಿದ್ದೇನೆ. ಕೇಬಲಿಗೆ ಕಾಗೆಯೂ ಕೂರುವುದಿಲ್ಲ" ಎಂದರು. ಎಲ್ಲರೂ ನನ್ನ ಬೆನ್ನ ಹಿಂದೆ ಸಾಲಾಗಿ ಕೂತರು.

ಡೆಮೋ ಶುರುವಾಯಿತು. ಪರದೆಯಲ್ಲಿ ನನ್ನ ಹಿಂದಿನ ಸಭೆ ಕಂಡು ಬಾಸ್, 'ಇವರೆಲ್ಲ ಯಾರು?' ಎಂದು ಗುಟ್ಟಾಗಿ ಮೆಸೇಜ್ ಹಾಕಿದರು. 'ನೆಟ್‌ವರ್ಕ್ ತಂಡ' ಎಂದು ಉತ್ತರಿಸಿದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ನೆಟ್ ಒಂದು ಕ್ಷಣವೂ ಅಲುಗಾಡಲಿಲ್ಲ.

ಕೊನೆಗೆ ಗ್ರಾಹಕಿ ಕೇಳಿದರು: "ಆಮಂತ್ರಣವನ್ನು ಎಲ್ಲರೂ ನೋಡುತ್ತಾರೆ, ಬರುವವರು ಕಡಿಮೆ. ಇದಕ್ಕೆ ನಿಮ್ಮಲ್ಲಿ ಏನುಂಟು?"

ನಾನು ಪರದೆಯ ಮೆನುಗಳನ್ನು ಒಂದೊಂದಾಗಿ ತೆರೆದು ಮುಚ್ಚಿದೆ. ಆಗ ಹಿಂದಿನಿಂದ ಮಾಷ್ಟ್ರು ಎದ್ದು ನಿಂತು, ಶಾಲು ಸರಿಮಾಡಿಕೊಂಡು, ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ ಹೇಳಿದರು:

"ಅಮ್ಮಾ, ಕರೆಯುವವರು ತಾವೇ ಕರೆಯಬೇಕು. ಇವರು ಮೊದಲು ಮೊಬೈಲಿನಲ್ಲಿ ಕರೆದರು, ನಾವು ಒಬ್ಬರೂ ಬರಲಿಲ್ಲ. ಈ ಸಲ ಮನೆಗೆ ಬಂದು ಕರೆದರು. ಲೆಕ್ಕ ಮಾಡಿ, ಹನ್ನೊಂದು ಜನ. ಇನ್ನೊಬ್ಬ ಹೊರಗೆ ಮರದಡಿಯಲ್ಲಿದ್ದಾನೆ."

ಆಕೆ ನಕ್ಕರು. ಮತ್ತೆ ಗಂಭೀರವಾಗಿ ಬಾಸಿಗೆ ಹೇಳಿದರು: "ನನಗೆ ಬೇಕಾದದ್ದು ಇದೇ. ಕರೆಯುವವರು ಮೊದಲು ಖುದ್ದಾಗಿ ಮಾತಾಡಲಿ, ಆಮೇಲೆಯೇ ಆಮಂತ್ರಣ ಹೋಗಲಿ. ಅದೊಂದು ಸೇರಿಸಿ, ನಾವು ಕೊಳ್ಳುತ್ತೇವೆ."

ಕರೆ ಮುಗಿದದ್ದೇ ಬಾಸಿನ ಫೋನು. "ನೀನು ಅಲ್ಲೇ ಇರು ಮಾರಾಯ. ಇಂಥ ತಂಡವನ್ನು ನಾನು ಮಂಗಳೂರಿನಲ್ಲಿ ಎಲ್ಲಿಂದ ತರುವುದು?"

ಗೆದ್ದೆ! ಕುಣಿಯಬೇಕೆನಿಸಿತು. ಲ್ಯಾಪ್‌ಟಾಪ್ ಮುಚ್ಚಿ ತಿರುಗಿ, ಎಲ್ಲರಿಗೂ ಕೈಮುಗಿದು, "ನಿಮ್ಮಿಂದ ಉಪಕಾರವಾಯಿತು" ಎಂದೆ.

ಯಾರೂ ಏಳಲಿಲ್ಲ. ಅಳಿಯನೂ ಕೊಡೆ ಮಡಚಿ ಒಳಗೆ ಬಂದು ಕೂತ. ಅಡುಗೆಮನೆಯಲ್ಲಿದ್ದದ್ದು ಹೆಂಡತಿ ನನ್ನೊಬ್ಬನಿಗೆ ಮುಚ್ಚಿಟ್ಟಿದ್ದ ನಾಲ್ಕು ನೀರುದೋಸೆ.

ಮಾಷ್ಟ್ರು ಗೋಡೆಯ ಗಡಿಯಾರ ನೋಡಿ, ದನಿ ತಗ್ಗಿಸಿ ಕೇಳಿದರು:

"ಡೆಮೋ ಚಂದವಾಯಿತು. ಇನ್ನು ಎಲೆ ಹಾಕುವುದು ಎಷ್ಟು ಹೊತ್ತಿಗೆ?"