ಸೆಡ್ರಿಕನ ಶೆಡ್ಡು ಮತ್ತು ಪ್ಲಾಸ್ಟಿಕ್ ಗೂಟಗಳು

ಶನಿವಾರ ಬೆಳಗಿನ ಚಹಾ ಮುಗಿಸಿದ ಸೆಡ್ರಿಕ್, ಕಳೆದುಹೋದ ಸಾಮ್ರಾಜ್ಯವನ್ನು ಮರಳಿ ಕಟ್ಟಲು ಹೊರಟವನ ಗಾಂಭೀರ್ಯದಲ್ಲಿ, ಶೆಡ್ಡಿಗೆ ಗೂಟ ತಂದೇ ತರುತ್ತೇನೆ ಎಂದು ಘೋಷಿಸಿದ. ಹಿತ್ತಲ ಮೂಲೆಯ ಆ ಬೂದುಬಣ್ಣದ ಪ್ಲಾಸ್ಟಿಕ್ ಶೆಡ್ಡು ಅವನ ಪಾಲಿಗೆ ಬರೀ ಸಲಿಕೆ, ಗುದ್ದಲಿಗಳ ಗೂಡಲ್ಲ. ಹೆಂಡತಿ ಗ್ಲೆನಿಸಳ ಅಕ್ಕ ಮನೆಗೆ ಬಂದಾಗಲೆಲ್ಲ, ಕುರ್ಚಿ ಹಾಕಿಕೊಂಡು ರೇಡಿಯೋದಲ್ಲಿ ಕ್ರಿಕೆಟ್ ಕೇಳುತ್ತ ಅಡಗಿ ಕೂರಲು ಭೂಮಂಡಲದಲ್ಲಿ ಅವನಿಗೆ ಉಳಿದಿದ್ದ ಏಕೈಕ ಸ್ವತಂತ್ರ ರಾಷ್ಟ್ರ! ಕಳೆದ ವಾರದ ಬಿರುಗಾಳಿ ಅದರ ಚಾವಣಿಯನ್ನು ಗುಲಾಬಿ ಪೊದೆಗೆ ಎಸೆದು, ಗೋಡೆಗಳನ್ನು ಮಲಗಿಸಿತ್ತು. ಗೋಡೆಗಳಿಗೆ ಏನೂ ಆಗಿರಲಿಲ್ಲ. ಅವನ್ನು ಒಂದಕ್ಕೊಂದು ಬಿಗಿಯುವ, ಹೆಬ್ಬೆರಳುದ್ದದ ಪ್ಲಾಸ್ಟಿಕ್ ಗೂಟಗಳು ಮಾತ್ರ ಪುಡಿಪುಡಿಯಾಗಿದ್ದವು.

ಮೊದಲ ಅಂಗಡಿಯವನು ಯಾವ ಮಾದರಿಯ ಶೆಡ್ಡೆಂದು ವಿಚಾರಿಸಿದ. ಬೂದುಬಣ್ಣದ್ದೆಂದ ಸೆಡ್ರಿಕ್. ಒತ್ತುವ ಗೂಟವೋ ತಿರುಗಿಸುವುದೋ? ಒತ್ತಿ ತಿರುಗಿಸಿದ ನೆನಪು. ತಿರುಗಿಸಿ ಒತ್ತಿದ್ದೂ ಇರಬಹುದು. ಎಡಕ್ಕೋ ಬಲಕ್ಕೋ ಎನ್ನುವ ಹೊತ್ತಿಗೆ ತನ್ನ ಎಡ ಯಾವುದೆಂಬುದೇ ಅವನಿಗೆ ಅನುಮಾನವಾಯಿತು. ಇಷ್ಟು ತೊಂದರೆ ಕೊಟ್ಟು ಬರಿಗೈಯಲ್ಲಿ ಹೊರಬೀಳುವುದು ಸಭ್ಯರ ಲಕ್ಷಣವಲ್ಲವಾದ್ದರಿಂದ ಹಕ್ಕಿಕಾಳು ಕೊಂಡ. ಮುಂದಿನ ಅಂಗಡಿಯಲ್ಲೂ ಗೂಟವಿಲ್ಲ. ಅಲ್ಲಿ ಬಾಗಿಲ ಚಿಲಕ ಕೊಂಡ. ಅದರ ಮುಂದಿನದರಲ್ಲಿ, ಯಾವುದಕ್ಕೆಂದು ತಿಳಿಯದೆ, ಒಂದು ಕೊಳಾಯಿ.

ಎದೆ ಒಡೆದುಹೋದ ಸೆಡ್ರಿಕ್ ಮನೆಗೆ ಫೋನು ಮಾಡಿದ. "ಸ್ವಲ್ಪ ಕಷ್ಟ ಅನ್ಸುತ್ತೆ ಕಣೇ. ಸಿಗದಿದ್ರೂ ಪರವಾಗಿಲ್ಲ ಬಿಡು." ಅವನ ವಂಶದಲ್ಲಿ ಇದಕ್ಕಿಂತ ಜೋರಾಗಿ ಯಾರೂ ಅತ್ತವರಿಲ್ಲ.

ಆದರೆ ಊರಾಚೆಯ ಹಳೆಯ ಅಂಗಡಿಯೊಂದರ ಮೂಲೆಯ ಡಬ್ಬದಲ್ಲಿ ಸಾಕ್ಷಾತ್ ಅವೇ ಗೂಟಗಳು ದರ್ಶನ ಕೊಟ್ಟವು! ಚೀಲವನ್ನು ಎದೆಗವಚಿಕೊಂಡು ಮನೆ ಸೇರಿದವನು ಹಿತ್ತಲಿಗೆ ಓಡಿದ. ಶೆಡ್ಡು ಇದ್ದಲ್ಲಿ ಹಳದಿಗಟ್ಟಿದ ಹುಲ್ಲಿನ ಚೌಕವೊಂದೇ ಉಳಿದಿತ್ತು.

ಬೇಡದ ಸಾಮಾನನ್ನು ಬೀದಿಗೋಡೆಗೆ ಒರಗಿಸಿ, 'ದಯವಿಟ್ಟು ಒಯ್ಯಿರಿ' ಎಂದು ರಟ್ಟಿನ ಮೇಲೆ ಬರೆದಿಡುವುದು ಆ ಬೀದಿಯ ರೂಢಿ. ಗ್ಲೆನಿಸ್ ಅದನ್ನೇ ಪಾಲಿಸಿದ್ದಳು.

"ನೀನೇ ತಾನೇ ಪರವಾಗಿಲ್ಲ ಬಿಡು ಅಂದಿದ್ದು?" ಎಂದಳು. "ಅಕ್ಕ ಬರೋ ಹೊತ್ತಿಗೆ ಹಿತ್ತಲು ಚೊಕ್ಕಟ ಆಯ್ತು. ಈ ಸಲ ಎರಡು ವಾರ ಇರ್ತಾಳಂತೆ."

ಅಷ್ಟರಲ್ಲಿ ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಹಿಂದಿನ ಬೀದಿಯ ಹೆಂಗಸೊಬ್ಬಳು ಸಂಕೋಚದಿಂದ ಮುದುಡಿ ನಿಂತಿದ್ದಳು.

"ನಿಮ್ಮ ಶೆಡ್ಡು ಒಯ್ದಿದ್ದು ನಾವೇ. ಕೇಳೋಕೆ ನಾಚಿಕೆ ಆಗುತ್ತೆ... ಅದನ್ನ ಸೇರಿಸೋ ಗೂಟಗಳೇನಾದ್ರೂ ನಿಮ್ಮಲ್ಲಿ ಉಳಿದಿವೆಯಾ?"

ಶೆಡ್ಡನ್ನು ವಾಪಸು ಕೊಡಿ ಎನ್ನಲೆಂದೇ ಸೆಡ್ರಿಕ್ ಬಾಯಿ ತೆರೆದದ್ದು. ಬಾಯಿ ಮಾತ್ರ ಗೂಟ ತರಲು ತಡವಾದದ್ದಕ್ಕೆ ಕ್ಷಮೆ ಕೇಳಿತು. ಕೈ ತಾನಾಗಿಯೇ ಚೀಲವನ್ನು ಮುಂದೆ ಚಾಚಿತು. ಕೊನೆಯ ಆಸೆಯೊಂದಿತ್ತು.

"ಜೋಡಿಸೋಕೆ ನಾನೂ ಬರ್ಲಾ? ಒಳಗೆ ನಿಂತು ಹಿಡ್ಕೊಳ್ಳೋಕೆ ಒಬ್ರು ಬೇಕಾಗುತ್ತೆ."

"ಅಯ್ಯೋ, ಬೇಡಿ. ಒಳಗೆ ನಮ್ಮ ಯಜಮಾನ್ರು ಇದಾರೆ. ಗೋಡೆಗಳನ್ನ ಬೇಲಿಗೆ ಒರಗಿಸಿದ್ದೇ ತಡ, ಅವುಗಳ ಹಿಂದೆ ಕುರ್ಚಿ ಹಾಕ್ಕೊಂಡು ಕೂತ್ಬಿಟ್ರು. ಎಷ್ಟು ಕರೆದ್ರೂ ಹೊರಗೆ ಬರ್ತಿಲ್ಲ."