ಇಂಗ್ಲಿಷ್ ಮೂರು, ಅರ್ಥಶಾಸ್ತ್ರ ಎರಡು, ಗೂಡು ಒಂದೇ

ನಾನು ಡಿಗ್ರಿ ಪಾಸಾಗುವುದು ಸಾಧ್ಯವೇ ಇಲ್ಲ ಎಂದು ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ದೊಡ್ಡ ಸ್ವರದಲ್ಲಿ ಹೇಳಿದವರು ಕೋಡಿಯಲ್ಲಿರುವ ನನ್ನ ಸೋದರಮಾವ ಶೀನ ಮಾವ. "ನಮ್ ಕುಟುಂಬದಂಗೆ ಡಿಗ್ರಿ ಅಂಬ್ದ್ ಆಪ್ ಕೆಲ್ಸ ಅಲ್ಲ ಮಾಣಿ. ಬಸ್ಸಂಗೆ ಪುಸ್ತಕ ಹಿಡ್ಕಂಡ್ ಕೂಕಂಡ್ರೆ ಕಣ್ಣ್ ಹಾಳಾತ್ತ್, ಅಷ್ಟೇ" ಎಂದಿದ್ದರು. ಹೀಗೆ ಹೇಳುವವರು ಎಲ್ಲರ ಮನೆಯಲ್ಲೂ ಒಬ್ಬರಿರುತ್ತಾರೆ. ಅವರ ಮಾತು ಗಾಳಿಯಲ್ಲಿ ಹೋಗುತ್ತದೆ, ನಾವು ನಮ್ಮ ಪಾಡಿಗೆ ಓದುತ್ತೇವೆ. ನನ್ನ ದುರದೃಷ್ಟವೆಂದರೆ ಶೀನ ಮಾವ ಬಡಗಿ, ಅದೂ ದೋಣಿ ಕಟ್ಟುವ ಬಡಗಿ. ಹಾಗಾಗಿ ಅವರ ಅಭಿಪ್ರಾಯ ಗಾಳಿಯಲ್ಲಿ ಹೋಗಲಿಲ್ಲ; ಹಲಸಿನ ಹಲಗೆಯ ರೂಪ ತಾಳಿ, ಮೊಳೆ ಹೊಡೆಸಿಕೊಂಡು, ಕುಂಭಾಶಿಯ ನಮ್ಮ ಮನೆಯ ಹಿತ್ತಲಲ್ಲಿ ಇವತ್ತಿಗೂ ಗಟ್ಟಿಯಾಗಿ ನಿಂತಿದೆ. ಅದು ನಮ್ಮ ಕೋಳಿಗೂಡು.

ಕೋಳಿಗೂಡಿಗೂ ಬಿ.ಎ. ಪದವಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ನನ್ನ ಅಮ್ಮನನ್ನು ಬಲ್ಲವರು ಕೇಳುವುದಿಲ್ಲ. ಪಿಯುಸಿ ಮುಗಿಸಿದ ನಾನು ತ್ರಾಸಿಯ ಹೋಟೆಲೊಂದರ ಕೌಂಟರಿನಲ್ಲಿ ಬಹಳ ವರ್ಷ ಕೂತು, ಬುದ್ಧಿ ತಡವಾಗಿ ಬಂದು, ಅಂಚೆ ಮೂಲಕ ಓದುವ ಬಿ.ಎ.ಗೆ ಸೇರಿದೆ. ಹೋಗುವಾಗ ಬಸ್ಸಿನಲ್ಲಿ ಓದು, ಬರುವಾಗ ಬಸ್ಸಿನಲ್ಲಿ ಓದು, ನಡುವೆ ಊಟದ ಟೋಕನ್ ಹರಿಯುವಾಗ ಬಾಯಲ್ಲೇ ಓದು. ಅಮ್ಮನಿಗೆ ಇದಿಷ್ಟೇ ಸಾಕು ಅನ್ನಿಸಲಿಲ್ಲ. ಮೊದಲ ಪರೀಕ್ಷೆಯ ಬೆಳಿಗ್ಗೆ ಮನೆದೈವದ ಮುಂದೆ ನಿಂತು, ನನ್ನ ಮಗ ಪಾಸಾಗಲಿ ಎಂದು ಒಂದು ಹುಂಜವನ್ನು ಹರಕೆಗೆ ಬಿಟ್ಟರು; ಮುಂದಿನ ಪ್ರತಿ ವಿಷಯಕ್ಕೂ ಒಂದೊಂದು ಎಂದೂ ಹೇಳಿಕೊಂಡರು. ಹರಕೆಗೆ ಬಿಟ್ಟ ಕೋಳಿ ಎಂದರೆ ಮುಗಿಯಿತು. ಅದನ್ನು ಮಾರುವ ಹಾಗಿಲ್ಲ, ಸಾರು ಮಾಡುವ ಹಾಗಿಲ್ಲ, ನೆಂಟರಿಗೆ ಕೊಡುವ ಹಾಗಿಲ್ಲ. ವರ್ಷಕ್ಕೊಮ್ಮೆ ಬರುವ ದೈವದ ಸೇವೆಯ ದಿನ ಅದನ್ನು ಒಪ್ಪಿಸಬೇಕು, ಒಪ್ಪಿಸುವಾಗ ಅದರ ಮೈಯಲ್ಲಿ ಒಂದು ಊನ ಇರಬಾರದು. ಜೊತೆಗೆ ಅಮ್ಮ ಇನ್ನೊಂದು ಷರತ್ತನ್ನೂ ಹೇಳಿಕೊಂಡಿದ್ದರು: ಡಿಗ್ರಿಯ ಕಾಗದ ಕೈಗೆ ಬಂದ ಮೇಲೆಯೇ ಒಪ್ಪಿಸುವುದು, ಅದಕ್ಕಿಂತ ಮುಂಚೆ ಇಲ್ಲ.

ಆಗ ನಮ್ಮಲ್ಲಿದ್ದದ್ದು ಆರು ಹೇಂಟೆ, ಅಂದರೆ ಹೆಣ್ಣುಕೋಳಿ. ಹರಕೆಯ ಹುಂಜಗಳೂ ಬರುತ್ತವಲ್ಲ, ಸ್ವಲ್ಪ ದೊಡ್ಡ ಗೂಡು ಮಾಡಿಕೊಡು ಎಂದು ಅಮ್ಮ ಶೀನ ಮಾವನಿಗೆ ಹೇಳಿದರು. ಶೀನ ಮಾವ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ನಿಜವಾದ ಅಳತೆ ತೆಗೆದದ್ದು ಆಗಲೇ ಇರಬೇಕು. "ಒಂದ್ ಹುಂಜಕ್ಕೆ ಜಾಗ ಇದ್ರೆ ಸಾಕ್ ಅಕ್ಕ. ಒಂದ್ ಪರೀಕ್ಷೆ ಬರದ್ ಕೂಡ್ಲೇ ಮಾಣಿ ಬಿಟ್ ಬತ್ತ" ಎಂದು ಆರು ಹೇಂಟೆ, ಒಂದು ಹುಂಜ ಹಿಡಿಯುವ ಗೂಡನ್ನು ಎರಡೇ ದಿನದಲ್ಲಿ ಕಟ್ಟಿ ಹೋದರು. ಸಮುದ್ರಕ್ಕಿಳಿಸಿದರೂ ನೀರು ಒಳಗೆ ಬಾರದಷ್ಟು ಬಂದೋಬಸ್ತು. ಒಂದು ಹಲಗೆ ಬಿಚ್ಚಿ ದೊಡ್ಡದು ಮಾಡೋಣವೆಂದರೆ ಹಲಗೆ ಸೀಳುತ್ತದೆಯೇ ಹೊರತು ಮೊಳೆ ಏಳುವುದಿಲ್ಲ.

ನಾನು ಬಿಟ್ಟು ಬರಲಿಲ್ಲ, ಅದು ನನ್ನ ಹೆಮ್ಮೆ. ಫೇಲಾದೆ, ಅದು ನನ್ನ ಚರಿತ್ರೆ. ಇಂಗ್ಲಿಷಿನಲ್ಲಿ ಎರಡು ಸಲ, ಅರ್ಥಶಾಸ್ತ್ರದಲ್ಲಿ ಒಂದು ಸಲ. ನಾನು ಫೇಲಾದರೆ ಅಮ್ಮ ನನ್ನನ್ನು ಬೈಯುತ್ತಿರಲಿಲ್ಲ. ಒಂದು ಹುಂಜಕ್ಕೆ ಇಂಗ್ಲಿಷ್ ಬಗ್ಗುವುದಿಲ್ಲ ಎಂದು ಇನ್ನೊಂದನ್ನು ಬಿಡುತ್ತಿದ್ದರು. ಯಾವುದು ಯಾವುದಕ್ಕೆಂದು ಮರೆತುಹೋಗಬಾರದು ಎಂದು ವಿಷಯದ ಹೆಸರನ್ನೇ ಇಟ್ಟರು. ಹೀಗೆ ಇಂಗ್ಲಿಷ್ ಮೂರು, ಅರ್ಥಶಾಸ್ತ್ರ ಎರಡು, ಇತಿಹಾಸ ಒಂದು, ರಾಜ್ಯಶಾಸ್ತ್ರ ಒಂದು. ಕನ್ನಡಕ್ಕೆ ಮಾತ್ರ ಹುಂಜ ಇರಲಿಲ್ಲ. ಮಾತಾಡುವ ಭಾಷೆಗೆ ಕೋಳಿ ಯಾಕೆ ಎಂಬುದು ಅಮ್ಮನ ವಾದ. ಆ ನಂಬಿಕೆಯಲ್ಲೇ ನಾನೂ ಪುಸ್ತಕ ತೆರೆಯದೆ ಹೋಗಿ, ಹಳಗನ್ನಡದಲ್ಲಿ ಮುಳುಗಿ, ಒಂದೇ ಒಂದು ಅಂಕದಲ್ಲಿ ಮೇಲೆ ಬಂದವನು. ಅದನ್ನು ಅಮ್ಮನಿಗೆ ಇವತ್ತಿಗೂ ಹೇಳಿಲ್ಲ. ಹೇಳಿದ್ದರೆ ಎಂಟನೆಯದು ಬರುತ್ತಿತ್ತು.

ಅಂತೂ ಎಲ್ಲ ಪಾಸಾದೆ, ಡಿಗ್ರಿಯ ಕಾಗದ ಮಾತ್ರ ಬರಬೇಕಿತ್ತು. ಬೇರೆಯವರ ಅಂಕಪಟ್ಟಿ ಕಪಾಟಿನಲ್ಲಿರುತ್ತದೆ. ನನ್ನದು ಹಿತ್ತಲಲ್ಲಿ ಓಡಾಡುತ್ತಿತ್ತು, ಕೂಗುತ್ತಿತ್ತು. ಹಗಲು ತೊಂದರೆ ಇರಲಿಲ್ಲ. ತೋಟವಿಡೀ ಅವುಗಳದ್ದೇ. ಸಂಜೆ ಗೂಡು ಸೇರುವ ಹೊತ್ತಿಗೆ ಶುರು. ಒಂದೇ ಹುಂಜಕ್ಕೆಂದು ಕಟ್ಟಿದ ಜಾಗದಲ್ಲಿ ಏಳು ಹುಂಜ, ಆರು ಹೇಂಟೆ, ಸಾಲದ್ದಕ್ಕೆ ಬೆಳೆದುನಿಂತ ಒಂದು ಸಂಸಾರ ಮರಿ. ಒಂದನ್ನು ಒಳಗೆ ತುರುಕಿದರೆ ಎರಡು ಹೊರಗೆ ಬರುತ್ತಿದ್ದವು. ನಾನು ದಿನವಿಡೀ ದುಡಿದು ಬಸ್ಸಿಳಿದು ಅಂಗಳಕ್ಕೆ ಕಾಲಿಟ್ಟರೆ ಅಮ್ಮನ ಸ್ವರ: "ಮಗಾ, ಅರ್ಥಶಾಸ್ತ್ರ ಇನ್ನೂ ಒಳ್ಗ್ ಬರ್ಲಿಲ್ಲ. ಎರಡ್ನೇ ಇಂಗ್ಲಿಷ್ ಪೇರ್ಳೆ ಮರ ಹತ್ತಿ ಕೂಕಂಡಿತ್. ಸ್ವಲ್ಪ ಕಾಣ್." ಪದವೀಧರನಾದ ನಾನು ಪ್ಯಾಂಟು ಮಡಚಿ ಪೇರಳೆ ಮರ ಹತ್ತುತ್ತಿದ್ದೆ. ಇಂಗ್ಲಿಷ್ ನನ್ನ ಕೈಗೆ ಸಿಗುವುದು ಆಗಲೂ ಕಷ್ಟವೇ ಆಗಿತ್ತು.

ಇಕ್ಕಟ್ಟಿನಲ್ಲಿ ಜಗಳ ಆಗದೆ ಇರುತ್ತದೆಯೇ? ಒಂದು ಬೆಳಿಗ್ಗೆ ರಾಜ್ಯಶಾಸ್ತ್ರವು ಇತಿಹಾಸದ ಜುಟ್ಟನ್ನು ಹರಿದು ಹಾಕಿತು. ಅಮ್ಮ ಗಾಬರಿಯಿಂದ ಹೋಟೆಲಿಗೆ ಫೋನು ಮಾಡಿ, ಇತಿಹಾಸ ಹೋಯಿತು, ಇನ್ನೊಂದು ಕಟ್ಟಬೇಕು ಎಂದರು. ಫೋನು ಸ್ಪೀಕರಿನಲ್ಲಿತ್ತು. ಪಕ್ಕದಲ್ಲಿದ್ದ ಮಾಲೀಕರು ಬಹಳ ಮರುಕದಿಂದ, ಇನ್ನೂ ಒಂದು ಪೇಪರ್ ಬಾಕಿ ಇದೆಯಾ, ಪಾಸಾಯಿತೆಂದು ಲಾಡು ಹಂಚಿದ್ದೆಯಲ್ಲ ಎಂದು ಕೇಳಿದರು. ನಾನು ಕೋಳಿಯ ಕಥೆ ಹೇಳಿದೆ. ಅವರು ನಂಬಿದಂತೆ ಕಾಣಲಿಲ್ಲ.

ಊನವಾದ ಕೋಳಿ ದೈವಕ್ಕೆ ಆಗುವುದಿಲ್ಲ. ಆದರೆ ದೈವದ ಹೆಸರಿಗೆ ಬಿಟ್ಟದ್ದು ನಮಗೂ ಆಗುವುದಿಲ್ಲ. ಆದ್ದರಿಂದ ಹಳೆ ಇತಿಹಾಸವೂ ಉಳಿಯಿತು, ಹೊಸ ಇತಿಹಾಸವೂ ಗೂಡು ಸೇರಿತು. ಇದರ ಅರ್ಥ ನಿಮಗೆ ಆಗಿರಬೇಕು. ಗೂಡು ಸಣ್ಣದಾದ್ದರಿಂದ ಜಗಳ, ಜಗಳದಿಂದ ಊನ, ಊನದಿಂದ ಇನ್ನೊಂದು ಹುಂಜ, ಹುಂಜದಿಂದ ಗೂಡು ಇನ್ನಷ್ಟು ಸಣ್ಣದು. ದೈವದ ಸೇವೆಗೆ ಎರಡು ತಿಂಗಳಿತ್ತು. ಅಷ್ಟರೊಳಗೆ ಕಾಗದ ಬಂದು, ಏಳೂ ವಿಷಯಗಳು ಕಣ್ಣು, ಕಾಲು, ಜುಟ್ಟು ಸರಿಯಿದ್ದು ದೈವದ ಮುಂದೆ ನಿಲ್ಲದಿದ್ದರೆ ಇನ್ನೊಂದು ವರ್ಷ ಇದೇ ಕಥೆ. ಅಮ್ಮನಿಗೆ ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿತ್ತು. ಹೇಳಿಕೊಂಡದ್ದನ್ನು ಒಪ್ಪಿಸದಿದ್ದರೆ ಪಾಸಾದದ್ದು ನಿಲ್ಲುತ್ತದೋ ಇಲ್ಲವೋ ಎಂದು. ಪಾಸಾದದ್ದು ನಾನು, ಹುಂಜ ಅಲ್ಲ ಅಮ್ಮಾ ಎಂದೆ. ಅಮ್ಮ ಅಕ್ಕಿನುಚ್ಚು ಚೆಲ್ಲಿದರು, ನನ್ನ ಕಡೆಗಲ್ಲ.

ಓದಿದವನು ಎಂದ ಮೇಲೆ ಏನಾದರೂ ಮಾಡಬೇಕಲ್ಲ. ಕೋಡಿಯಿಂದ ಮೀನಿನ ಹಳೆಯ ಪ್ಲಾಸ್ಟಿಕ್ ಪೆಟ್ಟಿಗೆಗಳನ್ನು ತಂದು, ಒಂದರ ಮೇಲೊಂದು ಇಟ್ಟು ಕಟ್ಟಿ, ಬಲೆ ಹೊದಿಸಿ, ಎರಡು ಭಾನುವಾರ ಬೆವರು ಸುರಿಸಿ ಹೊಸ ಗೂಡು ಮಾಡಿದೆ. ಗಾಳಿ, ಬೆಳಕು, ಪ್ರತಿ ಹುಂಜಕ್ಕೂ ಬೇರೆ ಕೋಣೆ. ಕಾಗದದ ಮೇಲೆ ನಕ್ಷೆ ಕೂಡ ಬರೆದಿದ್ದೆ. ಒಂದು ಕೋಳಿಯೂ ಅದರ ಹತ್ತಿರ ಸುಳಿಯಲಿಲ್ಲ. ಎಷ್ಟು ತೊಳೆದರೂ ಬಂಗುಡೆಯ ವಾಸನೆ ಹೋಗದ ಆ ಗೂಡಿಗೆ ಊರಿನ ಅಷ್ಟೂ ಬೆಕ್ಕುಗಳು ಬಂದವು. ಬೆಕ್ಕು ಕಂಡು ಹೆದರಿದ ಕೋಳಿಗಳು ಹಳೆಯ ಗೂಡಿನಲ್ಲಿ ಇನ್ನಷ್ಟು ಒತ್ತಿ ಕೂತವು.

ವಿಶ್ವವಿದ್ಯಾಲಯಕ್ಕೆ ಫೋನು ಮಾಡಿದೆ. ಸರ್ಟಿಫಿಕೇಟ್ ಇಷ್ಟು ಅರ್ಜೆಂಟ್ ಯಾಕೆ, ಕೆಲಸಕ್ಕಾ, ಮದುವೆಗಾ ಎಂದು ಅಲ್ಲಿಯ ಗುಮಾಸ್ತರು ವಿಚಾರಿಸಿದರು. ಹುಂಜಗಳು ಕಚ್ಚಾಡುತ್ತಿವೆ ಎನ್ನಲು ನಾಲಗೆ ಬರಲಿಲ್ಲ. ಮನೆಯಲ್ಲಿ ಜಾಗ ಇಲ್ಲ ಸಾರ್ ಎಂದುಬಿಟ್ಟೆ. ಅವರು, ಅಷ್ಟು ದೊಡ್ಡದಿರುವುದಿಲ್ಲ, ಗೋಡೆಗೆ ಒಂದು ಮೊಳೆ ಹೊಡೆದರೆ ಸಾಕು ಎಂದು ಸಮಾಧಾನ ಹೇಳಿದರು.

ಕಡೆಗೆ ಸ್ವಾಭಿಮಾನ ಬಿಟ್ಟು ಶೀನ ಮಾವನನ್ನೇ ಕರೆಸಿದೆ. ಬಂದರು. ಗೂಡನ್ನು ಬಡಿದು ನೋಡಿದರು, ತಮ್ಮ ಕೆಲಸಕ್ಕೆ ತಾವೇ ತಲೆದೂಗಿ, ಇದನ್ನು ಬಿಚ್ಚಲು ತಮ್ಮಿಂದಲೂ ಆಗದು ಎಂದರು. ಆಮೇಲೆ ನನ್ನ ಬೆನ್ನ ಮೇಲೆ ಕೈಯಿಟ್ಟು, "ನೀ ಪಾಸಾತಿ ಅಂದೇಳಿ ಮುಂಚೆಯೇ ಹೇಳಿದ್ರೆ ದೊಡ್ಡದೇ ಕಟ್ತಿದ್ದೆ ಮಾಣಿ. ಯಾರೂ ಹೇಳ್ಲಿಲ್ಲ" ಎಂದರು. ಅವರಿಂದ ಸಿಗಬಹುದಾದ ಅಭಿನಂದನೆ ಅಷ್ಟೇ ಎಂದು ತಿಳಿದು ಚಹಾ ಕೊಟ್ಟು ಕಳಿಸಿದೆ. ಅಲ್ಲಿಂದ ಮುಂದೆ ಪ್ರತಿ ಸಂಜೆ ಮೂರೂ ಇಂಗ್ಲಿಷನ್ನು ಬಚ್ಚಲಲ್ಲಿ ಬುಟ್ಟಿ ಕವುಚಿ ಇಟ್ಟೆವು, ರಾಜ್ಯಶಾಸ್ತ್ರವನ್ನು ಅಡುಗೆಮನೆಯ ಕಿಟಕಿಗೆ ಕಟ್ಟಿದೆವು. ನಾನು ಸ್ನಾನ ಮಾಡುವಾಗ ಇಂಗ್ಲಿಷ್ ಬುಟ್ಟಿಯೊಳಗಿಂದ ನನ್ನನ್ನೇ ನೋಡುತ್ತಿತ್ತು.

ಸೇವೆಗೆ ಒಂಬತ್ತು ದಿನ ಇರುವಾಗ ರಿಜಿಸ್ಟರ್ಡ್ ಅಂಚೆ ಬಂತು. ನಾನು ಲಕೋಟೆ ಒಡೆದು, ನನ್ನ ಹೆಸರನ್ನು ಎರಡು ಸಲ ಓದಿ, ಹಿತ್ತಲಿಗೆ ಓಡಿದೆ. ಅಮ್ಮ ಗೂಡಿನ ಬಾಗಿಲಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದರು. ಎದ್ದು ಕೈ ತೊಳೆದು, ಸೆರಗಿಗೆ ಒರೆಸಿ, ಕಾಗದವನ್ನು ಅಂಚಿನಲ್ಲಿ ಹಿಡಿದುಕೊಂಡರು. ನಮ್ಮ ಮನೆಯ ಮೊದಲ ಡಿಗ್ರಿ. ಕಣ್ಣೀರು ಬರಬಹುದು, ಬಂದರೆ ಏನು ಹೇಳಬೇಕು ಎಂದು ನಾನು ಯೋಚಿಸುತ್ತಿದ್ದೆ. ಅಮ್ಮ ಬಸ್ಸಿನ ಬೋರ್ಡು ಓದುವ ಹಾಗೆ ಒಂದೊಂದೇ ಅಕ್ಷರ ಕೂಡಿಸಿ ಓದುತ್ತಾ ಹೋಗಿ, 'ದ್ವಿತೀಯ ದರ್ಜೆ' ಎಂಬಲ್ಲಿ ಬೆರಳಿಟ್ಟು ನಿಂತರು. ಹಾಗೆಂದರೆ ಏನು ಎಂದು ಕೇಳಿದರು. ಎರಡನೆಯದು, ಅದರ ಮೇಲೆ ಫಸ್ಟ್ ಕ್ಲಾಸ್ ಅಂತ ಒಂದು ಇದೆ ಎಂದೆ. ಅಮ್ಮ ಕಾಗದ ನೋಡಿದರು, ಗೂಡು ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ಬಹಳ ಮೆತ್ತಗೆ ಹೇಳಿದರು:

"ಬೇಜಾರ್ ಮಾಡ್ಕಣ್ಬೇಡ ಮಗಾ. ಫಸ್ಟ್ ಕ್ಲಾಸಿಗೂ ಒಂದ್ ಹುಂಜ ಹೇಳ್ಕಂಬ ಅಂದೇಳಿ ಇದ್ದಿದ್ದೆ. ಗೂಡಂಗೆ ಜಾಗ ಇರ್ಲಿಲ್ಲ."